ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದ ಶೀಲಾವತಿಬಾಯಿ

ಮುಂಬಯಿಯ ಘಾಟ್ಕೋಪರಿನ ಗುಡ್ಡಕ್ಕೆ ಆಗ ಮೆಟ್ಟಿಲುಗಳಿರಲಿಲ್ಲ. ಮಳೆನೀರು ಕೊರೆದ ಕಾಲುದಾರಿಯಲ್ಲಿ ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು ಶೀಲಾವತಿಬಾಯಿ ವಾರದಲ್ಲಿ ನಾಲ್ಕು ದಿನ ಹತ್ತುತ್ತಿದ್ದಳು. ವಯಸ್ಸು ನಲವತ್ತಾರು, ಮೊಣಕಾಲಿಗೆ ಮಾತ್ರ ಅರವತ್ತು. ಕನ್ನಡ ಕ್ರೈಸ್ತ ಸಭೆಯವರು ಅವಳನ್ನು ಸುವಾರ್ತಾ ಸೇವಕಿಯೆಂದು ನೇಮಿಸಿಕೊಂಡಿದ್ದರು. ಅಷ್ಟು ಉದ್ದದ ಹೆಸರು ಗುಡ್ಡದವರ ಬಾಯಿಗೆ ಹಿಡಿಸುತ್ತಿರಲಿಲ್ಲ. ಅವರಿಗೆ ಅವಳು 'ಪ್ರಾರ್ಥನಿ ಬಾಯಾರು'.

ಗುಡ್ಡದ ತುಂಬ ವಿಜಾಪುರ, ಗುಲಬರ್ಗಾ ಕಡೆಯಿಂದ ಕೂಲಿಗೆ ಬಂದವರ ಝೋಪಡಿಗಳು. ಗಂಡಸರು ಬಿಲ್ಡಿಂಗ್ ಕೆಲಸಕ್ಕೆ ಹೋದರೆ ಹೆಂಗಸರು ಅದೇ ಬಿಲ್ಡಿಂಗಿನಲ್ಲಿ ಮರಳಿನ ಬುಟ್ಟಿ ಹೊರಲು ಹೋಗುತ್ತಿದ್ದರು. ಶೀಲಾವತಿಬಾಯಿ ಯಾರ ಮನೆಗೆ ಹೋದರೂ ಮೊದಲಿಗೇ ದೇವರ ಮಾತು ತೆಗೆಯುತ್ತಿರಲಿಲ್ಲ. ಹೊಸ್ತಿಲ ಹೊರಗೆ ಕೂತು ನಳಕ್ಕೆ ನೀರು ಬಂತೇ, ಕೂಸಿನ ಕೆಮ್ಮು ಇಳಿಯಿತೇ ಎಂದು ವಿಚಾರಿಸುವಳು. ಸ್ಟೋವ್ ಬಾಗಿಲ ಹತ್ತಿರವಿದ್ದರೆ ಒಳಗೆ ಸರಿಸಲು ಹೇಳುವಳು, ತೆವಳುವ ಮಗುವಿನ ಕೈಯಿಂದ ಜಲ್ಲಿ ಕಲ್ಲು ಬಿಡಿಸುವಳು. ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ, "ನಿನ್ನ ಸಲುವಾಗಿ ಒಂದು ಪ್ರಾರ್ಥನಿ ಮಾಡ್ಲೇನವಾ?" ಎನ್ನುವಳು. ಬೇಡವೆಂದವರು ಕಡಿಮೆ. ಹಣಮಪ್ಪನಿಗೆ ಎಣ್ಣೆ ಎರೆಯುತ್ತೇವೆ, ಪೀರನಿಗೆ ಸಕ್ಕರೆ ಓದಿಸುತ್ತೇವೆ, ಇದೂ ಒಂದಿರಲಿ ಎನ್ನುವ ಧೋರಣೆ.

ಅವಳ ಪ್ರಾರ್ಥನೆಯೆಂದರೆ ಸಣ್ಣ ದನಿಯದಲ್ಲ. ಕಣ್ಣು ಮುಚ್ಚಿ ಕೈ ಜೋಡಿಸಿದಳೆಂದರೆ ನಾಲ್ಕು ಝೋಪಡಿ ಆಚೆಗೂ ಕೇಳಬೇಕು. ಇಂಥವರ ಮಗಳು ಇಂಥವಳು, ಇಷ್ಟು ದಿನದಿಂದ ಜ್ವರ, ಇಂಥ ಡಾಕ್ಟರು ಇಂಥ ಔಷಧ ಕೊಟ್ಟಿದ್ದಾರೆ ಎಂದು ಬಿಡಿಸಿ ಹೇಳುತ್ತಿದ್ದಳು. ಅದನ್ನು ಕಲಿಸಿದವನು ಬೆಟಗೇರಿಯಲ್ಲಿ ಉಪದೇಶಿಯಾಗಿದ್ದ ಅವಳ ತಂದೆ. "ಹೆಸರು ಹಿಡಿದು ಕೇಳು. ಏನು ತ್ರಾಸು ಅನ್ನೋದನ್ನ ಬಿಡಿಸಿ ಹೇಳು. ಅರ್ಧ ಮುಚ್ಚಿಟ್ಟು ಕೇಳಿದ್ರ ಅದು ನಿನ್ನ ಮರ್ಯಾದಿ ಉಳಿಸಿಕೊಳ್ಳೋ ಆಟ," ಎಂದು ಆತ ಎಂಟು ವರ್ಷದ ಮಗಳಿಗೆ ಹೇಳಿದ್ದ. ಅವಳು ಆ ಮಾತನ್ನು ಬಿಡಲಿಲ್ಲ. ಗಿರಣಿಯಲ್ಲಿ ನೇಕಾರನಾಗಿದ್ದ ಗಂಡನ ಹಿಂದೆ ಮುಂಬಯಿಗೆ ಬಂದಳು. ಹತ್ತು ತಿಂಗಳ ಕೂಸು ವಾಂತಿಭೇದಿಯಲ್ಲಿ ಹೋಯಿತು. ಆರು ವರ್ಷ ಕಳೆದು ಗಂಡ ಎದೆಯ ರೋಗದಲ್ಲಿ ಹೋದ. ಎರಡು ಸಲವೂ ಜನರಲ್ ವಾರ್ಡಿನ ನಡುವೆ ನಿಂತು ಹಾಸಿಗೆಯ ನಂಬರನ್ನೂ ಬಿಡದೆ ಪ್ರಾರ್ಥಿಸಿದ್ದಳು. ಅವರು ಉಳಿಯಲಿಲ್ಲ. ಆದರೆ ಗಂಡ ತೀರಿಕೊಂಡ ಮಧ್ಯಾಹ್ನ ಪಕ್ಕದ ಹಾಸಿಗೆಯ ಹೆಂಗಸು ಅವಳ ಸೆರಗು ಹಿಡಿದು, "ನನ್ನ ಮಗನ ಹೆಸರೂ ಹೇಳ್ರಿ ಬಾಯಾರ," ಎಂದಳು. ಮುಂದೆ ಅದೇ ಅವಳ ಕೆಲಸವಾಯಿತು.

ಚಂದ್ರವ್ವ ಅವಳಿಗೆ ಸಿಕ್ಕದ್ದು ಎಪ್ಪತ್ತೊಂದರ ಮಳೆಗಾಲದಲ್ಲಿ. ಬಂಡೆಪ್ಪನೆಂಬ ಗಾರೆ ಕೆಲಸದವನ ಹೆಂಡತಿ. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು. ಸುಂದ್ರಿ ಎಂದು ಕರೆಯುತ್ತಿದ್ದ ಒಂದೂವರೆ ವರ್ಷದ ಮಗಳು. ಮನೆಯಲ್ಲಿ ಅತ್ತೆ ನೀಲವ್ವ. ಅತ್ತೆ ರೇಶನ್ ಲೈನಿಗೆ ಹೋಗಿದ್ದ ಒಂದು ಬೆಳಿಗ್ಗೆ ಚಂದ್ರವ್ವ ಬಾಗಿಲು ಮುಂದೆ ಮಾಡಿ ಕುಪ್ಪಸದ ತೋಳು ಮೇಲೆ ಸರಿಸಿದಳು. ಬಲರಟ್ಟೆಯ ಮೇಲೆ ಅಂಗೈಯಗಲದ ಮಾಸಲು ಕೆಂಪು ಮಚ್ಚೆ. ಅದರ ನಡುವೆ ಒಡೆದ ಗುಳ್ಳೆ.

"ಹಂಚು ತಾಕಿ ಸುಟ್ಟೈತ್ರಿ. ಚರ್ಮ ಸುಟ್ಟ ವಾಸನಿ ಬಂತು, ಆವಾಗ ನೋಡಿದೆ. ನನಗ ಗೊತ್ತs ಆಗಲಿಲ್ಲ," ಎಂದಳು.

ಶೀಲಾವತಿಬಾಯಿ ಚೀಲದಿಂದ ಒಂದು ಪಿನ್ನು ತೆಗೆದು ಮಚ್ಚೆಯ ಅಂಚಿಗೆ ಮೆಲ್ಲಗೆ ಒತ್ತಿದಳು. ಚಂದ್ರವ್ವ ಅವಳ ಮುಖವನ್ನೇ ನೋಡುತ್ತಿದ್ದಳು, ಪಿನ್ನಿನ ಕಡೆ ನೋಡಲೇ ಇಲ್ಲ.

"ಅದsನ್ರಿ?"

"ನಾ ಡಾಕ್ಟರ ಅಲ್ಲವಾ."

"ಅತ್ತಿಗೆ ಗೊತ್ತಾದ್ರ ನನ್ನ ಹೊರಗ ಹಾಕ್ತಾಳ. ಕೂಸಿನ್ನ ಮುಟ್ಟಗೊಡಾಂಗಿಲ್ಲ. ಯಾರ ಮುಂದೂ ಹೇಳಬ್ಯಾಡ್ರಿ ಬಾಯಾರ."

"ಯಾವ ಮನಶ್ಯಾನ ಮುಂದೂ ಹೇಳೂದಿಲ್ಲ," ಎಂದು ಶೀಲಾವತಿಬಾಯಿ ಮಾತು ಕೊಟ್ಟಳು. ಕೊಡುವಾಗ ಅದು ಅಪ್ಪಟ ಮನಸ್ಸಿನ ಮಾತೇ ಆಗಿತ್ತು.

ಘಾಟ್ಕೋಪರಿನಲ್ಲಿ ತೋರಿಸಿದರೆ ಗುರುತಿನವರು ಸಿಕ್ಕಾರೆಂದು ವಿಲೆ ಪಾರ್ಲೆಯ ಧರ್ಮಾರ್ಥ ದವಾಖಾನೆಗೆ ಕರೆದುಕೊಂಡು ಹೋದಳು. ದಾದರಿನಲ್ಲಿ ಲೋಕಲ್ ಬದಲಿಸಿ ಹೋಗಬೇಕು. ಡಾಕ್ಟರು ಹತ್ತಿಯ ಎಳೆಯಿಂದ ಮುಟ್ಟಿ, ಸೂಜಿಯಿಂದ ಚುಚ್ಚಿ, ಕಿವಿಯ ಹಾಲೆಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಸವರಿ ನೋಡಿದರು. ಮಹಾರೋಗವೇ, ಕುಷ್ಠ. ಆದರೆ ಸೌಮ್ಯವಾದದ್ದು, ಇನ್ನೊಬ್ಬರಿಗೆ ಅಂಟುವ ಜಾತಿಯದಲ್ಲ. ಗುಳಿಗೆಯನ್ನು ಎರಡು ಮೂರು ವರ್ಷ ಬಿಡದೆ ನುಂಗಿದರೆ ಬೆರಳಿಗೆ ಏನೂ ಆಗುವುದಿಲ್ಲ ಎಂದರು. ಮಧ್ಯೆ ಬಿಟ್ಟರೆ ಮಾತ್ರ ತಾನು ಹೊಣೆಯಲ್ಲ ಎಂದರು. ಚಂದ್ರವ್ವ ಇಷ್ಟನ್ನೂ ಕೇಳಿ, "ಮೊಲಿ ಕುಡಿಸಬಹುದೇನ್ರಿ?" ಎಂದು ಒಂದೇ ಪ್ರಶ್ನೆ ಕೇಳಿದಳು. ಕುಡಿಸಬಹುದು ಎಂದದ್ದಕ್ಕೆ ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು.

ಮನೆಯಲ್ಲಿ ಹೊಲಿಗೆ ಕಲಿಯಲು ಹೋಗುತ್ತೇನೆಂದು ಹೇಳಿದ್ದಾಯಿತು. ಶೀಲಾವತಿಬಾಯಿಗೆ ಸುಳ್ಳು ಆಡಿ ಅಭ್ಯಾಸವಿರಲಿಲ್ಲ. ಅದಕ್ಕಾಗಿ ದಾದರಿನ ತನಕ ಲೋಕಲಿನಲ್ಲಿ ನಿಜವಾಗಿಯೂ ಗುಂಡಿ ಹಾಕುವುದನ್ನೂ ಕಾಜ ಹೊಲಿಯುವುದನ್ನೂ ಕಲಿಸುತ್ತಿದ್ದಳು. ಎಂಟು ತಿಂಗಳು, ಪ್ರತಿ ಗುರುವಾರ. ಫೆಬ್ರುವರಿಯ ಹೊತ್ತಿಗೆ ಮಚ್ಚೆಯ ಅಂಚು ಮಾಸಿತ್ತು. ಒಂದು ಗುರುವಾರ ಡಾಕ್ಟರು ಸೂಜಿ ಚುಚ್ಚಿದಾಗ ಚಂದ್ರವ್ವ, "ಯವ್ವಾ," ಎಂದು ಕೈ ಎಳೆದುಕೊಂಡಳು. ಆ ನೋವಿಗೆ ಇಬ್ಬರೂ ನಕ್ಕರು.

ಮರುದಿನ ಶುಕ್ರವಾರ ಸ್ತ್ರೀಯರ ಪ್ರಾರ್ಥನಾ ಕೂಟ. ಈ ಕೂಟ ವಾರಕ್ಕೊಬ್ಬರ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಸೇರುತ್ತಿತ್ತು. ಆ ವಾರ ನರ್ಸ್ ಒಬ್ಬಳ ಚಾಳಿನ ಖೋಲಿ. ಶೀಲಾವತಿಬಾಯಿ ಅಂದು ಒಬ್ಬಳೇ ಹೋಗಲಿಲ್ಲ, ಗುಡ್ಡದ ಗುರುಬಾಯಿಯನ್ನು ಜೊತೆಗೆ ಕರೆದುಕೊಂಡು ಹೋದಳು. ನಾಲ್ಕು ವರ್ಷ ಹತ್ತಿ ಇಳಿದರೂ ಗುಡ್ಡದಿಂದ ಒಬ್ಬ ಹೆಂಗಸೂ ಕೂಟಕ್ಕೆ ಬಂದಿರಲಿಲ್ಲ. ಗುರುಬಾಯಿ ಚಂದ್ರವ್ವನ ಮೇಲಿನ ಮೂರನೇ ಝೋಪಡಿಯವಳು. ನಡುವಯಸ್ಸಿನವಳು, ವಿಧವೆ, ನಳದ ಹತ್ತಿರ ಅವಳ ಮಾತು ನಡೆಯುತ್ತಿತ್ತು. ಅವಳಾಗಿಯೇ, "ನಾನೂ ಬರ್ತೀನ್ರಿ, ಅಲ್ಲಿ ಏನ್ ಮಾಡ್ತೀರಿ ನೋಡ್ತೀನಿ," ಎಂದಾಗ ಶೀಲಾವತಿಬಾಯಿಯ ಕಾಲು ನೆಲಕ್ಕೆ ಹತ್ತಲಿಲ್ಲ. ಸಭಾಪಾಲಕರಾದ ಸದಾನಂದ ಅಯ್ನೋರು ಪ್ರತಿ ತಿಂಗಳೂ, "ಹೊಸ ಮುಖ ಯಾರಾದ್ರೂ?" ಎಂದು ಕೇಳುವುದಕ್ಕೆ ಇನ್ನು ಮೇಲೆ ಉತ್ತರವಿತ್ತು.

ಏಳು ಹೆಂಗಸರು ಚಾಪೆಯ ಮೇಲೆ ಕೂತರು. ಹಾಡು ಆಯಿತು. ಪ್ರಾರ್ಥನೆಯ ವಿಷಯಗಳನ್ನು ಕೇಳಿದರು. ಒಬ್ಬಳ ಮಗನ ಮೆಟ್ರಿಕ್ ಪರೀಕ್ಷೆ, ಇನ್ನೊಬ್ಬಳ ಗಂಡನ ಕುಡಿತ. ಶೀಲಾವತಿಬಾಯಿ ಕಣ್ಣು ಮುಚ್ಚಿದಳು. ಪರೀಕ್ಷೆ ಮುಗಿಸಿ, ಕುಡಿತ ಮುಗಿಸಿ, ದನಿ ಏರಿತು. ಹೊಸಬಳು ಪಕ್ಕದಲ್ಲೇ ಕೂತಿದ್ದಾಳೆ, ಗುಡ್ಡದವರ ಕಷ್ಟವನ್ನು ಇಲ್ಲಿ ಹೇಗೆ ದೇವರ ಪಾದದ ತನಕ ಒಯ್ಯುತ್ತೇವೆಂದು ಅವಳೂ ಕೇಳಲಿ ಎನ್ನುವ ಆಸೆಯೂ ಒಳಗೆ ಇತ್ತು. ಮುಂದೆ ಅವಳು ತನಗೆ ತಾನೇ ಅದನ್ನು ಒಪ್ಪಿಕೊಂಡಳು.

"ಕರ್ತನೇ, ಗುಡ್ಡದ ಮೇಲಿರುವ ನಿನ್ನ ಮಗಳಾದ ಚಂದ್ರವ್ವನನ್ನು ನೆನಪಿಗೆ ತಂದುಕೋ. ಬಂಡೆಪ್ಪನ ಹೆಂಡತಿಯಾದ ಆಕೆಯ ಬಲರಟ್ಟೆಯ ಮೇಲಿನ ಮಹಾರೋಗದ ಮಚ್ಚೆಯನ್ನು ನೀನು ಬಲ್ಲೆ. ನಿನ್ನೆಯ ದಿನ ಅದರಲ್ಲಿ ನೋವು ಮರಳಿ ಕೊಟ್ಟಿದ್ದಕ್ಕಾಗಿ ಸ್ತೋತ್ರ. ಪಾರ್ಲೆ ದವಾಖಾನೆಯ ಗುಳಿಗೆಯನ್ನು ಆಶೀರ್ವದಿಸು. ಆಕೆಯ ಕೂಸು ಸುಂದ್ರಿಯನ್ನು ಕಾಪಾಡು."

"ಆಮೆನ್," ಎಂದರು ಎಲ್ಲರೂ. ಕಣ್ಣು ಮುಚ್ಚಬೇಕೆಂದು ಗುರುಬಾಯಿಗೆ ಯಾರೂ ಹೇಳಿರಲಿಲ್ಲ. ಅವಳು ಉದ್ದಕ್ಕೂ ಕಣ್ಣು ತೆರೆದೇ ಕೂತಿದ್ದಳು.

ಚಹ ಕುಡಿದು ಹೊರಟಾಗ ಗುರುಬಾಯಿ, "ನಿಮ್ಮ ದೇವರು ಎಲ್ಲಾರ ಮನೀ ಸುದ್ದೀನೂ ಕೇಳ್ತಾನಲ್ರಿ ಬಾಯಾರ," ಎಂದಳು.

"ಎಲ್ಲಾ ಕೇಳ್ತಾನವಾ. ಮುಂದಿನ ಶುಕ್ರವಾರ ನಿನ್ನ ಹೆಸರೂ ಹೇಳ್ತೀನಿ."

"ಹೇಳೀರಂತ," ಎಂದು ಗುರುಬಾಯಿ ಬಿರಬಿರನೆ ಗುಡ್ಡದ ದಾರಿ ಹಿಡಿದಳು.

ಶೀಲಾವತಿಬಾಯಿಗೆ ಆ ರಾತ್ರಿ ಒಳ್ಳೆಯ ನಿದ್ದೆ ಬಂತು. ತಾನು ಕೊಟ್ಟ ಮಾತು ಮುರಿದಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ. ಯಾವ ಮನುಷ್ಯನ ಮುಂದೆಯೂ ಹೇಳಿರಲಿಲ್ಲವಲ್ಲ. ದೇವರಿಗೆ ಹೇಳಿದ್ದಳು. ಪ್ರಾರ್ಥನೆಯಲ್ಲಿ ಆಡಿದ ಮಾತು ಪಕ್ಕದಲ್ಲಿ ಕೂತವರ ಕಿವಿಗೂ ಬೀಳುತ್ತದೆ ಎನ್ನುವುದನ್ನು ಹತ್ತಿರ ಹತ್ತಿರ ನಲವತ್ತು ವರ್ಷ ಜನರ ನಡುವೆ ಕೂತು ಪ್ರಾರ್ಥಿಸಿದವಳು ಒಂದು ಸಲವೂ ಯೋಚಿಸಿರಲಿಲ್ಲ.

ಸೋಮವಾರ ಗುಡ್ಡಕ್ಕೆ ಹೋದಳು. ಬುಡದಲ್ಲಿದ್ದ ನಳದ ಸುತ್ತಲಿನ ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಲೈನಿನಿಂದ ದೂರ, ಗಟಾರದ ಅಂಚಿಗೆ ಒಂದು ಕೊಡ ಅಡ್ಡ ಬಿದ್ದಿತ್ತು. ಅದು ಯಾರದೆಂದು ಶೀಲಾವತಿಬಾಯಿ ಗುರುತಿಸಿದಳು. ಮೊಣಕಾಲಿನ ನೆನಪಿಲ್ಲದೆ ಏರಿದಳು.

ಬಾಗಿಲಲ್ಲಿ ನೀಲವ್ವ ಸುಂದ್ರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮಗು ಅತ್ತು ಅತ್ತು ದನಿ ಹೋಗಿ ಬರಿ ಬಾಯಿ ತೆರೆಯುತ್ತಿತ್ತು.

"ಬರ್ರಿ. ಹೊಲಿಗಿ ಕಲಿಸಿ ಮುಗೀತೇನ್ರಿ?" ಎಂದಳು ನೀಲವ್ವ.

"ಚಂದ್ರವ್ವ ಎಲ್ಲಿ?"

"ನಿಮ್ಮ ದೇವರಿಗೆ ಎಲ್ಲಾ ಗೊತ್ತಂತಲ್ಲ, ಅವನ್ನ ಕೇಳ್ರಿ."

ಒಳಗಿದ್ದ ಬಂಡೆಪ್ಪ ಹೊರಗೆ ಬಂದ. ಕೆಲಸಕ್ಕೆ ಹೋಗಿರಲಿಲ್ಲ. ಜೋರು ಮಾಡಲಿಲ್ಲ, ಗೋಡೆಗೆ ಒರಗಿ ನೆಲ ನೋಡುತ್ತ ಹೇಳಿದ. ಶನಿವಾರ ನಸುಕಿನಲ್ಲಿ ನಳದ ಹತ್ತಿರ ನಾಲ್ಕು ಹೆಂಗಸರು ಸೇರಿ ಚಂದ್ರವ್ವನ ತೋಳು ಸರಿಸಿ ನೋಡಿದರಂತೆ. ಅವಳು ಇಲ್ಲ ಎನ್ನಲಿಲ್ಲವಂತೆ. ಗುಳಿಗೆ ನುಂಗುತ್ತೇನೆ, ಅಂಟುವುದಿಲ್ಲ ಎಂದು ಕೂಗಿ ಹೇಳಿದರೂ ಯಾರು ಕೇಳುತ್ತಾರೆ?

"ನೀವs ಹೊರಗ ಹಾಕಿದ್ರೇನೋ?"

"ಹಾಕಲಿಲ್ರಿ ಬಾಯಾರ. ನಮ್ಮವ್ವ ಕೂಸಿನ್ನಾದ್ರೂ ಉಳಸು ಅಂದ್ಲು. ಮೊಲಿ ಕುಡೀತಿತ್ತು. ಬಿಡಿಸಿ ತಾನs ಕೆಳಗ ಇಟ್ಲು. ಇಟ್ಟು ಹ್ವಾದ್ಲು." ಅವನು ಒಳಗಿದ್ದ ಊಟದ ಡಬ್ಬಿಯ ಕಡೆ ಕೈ ತೋರಿಸಿದ. "ನಿನ್ನೆ ಕೆಲಸದ ಮುಕಾದಮ ನನ್ನ ಡಬ್ಬಿ ಬ್ಯಾರೆ ಇಡು ಅಂದ. ನಾ ಏನ್ ಮಾಡ್ಲಿ, ಹೇಳ್ರಿ."

ಪ್ರಾರ್ಥನೆ ಮಾಡಲೇ ಎಂದು ಕೇಳುವ ಧೈರ್ಯ ಶೀಲಾವತಿಬಾಯಿಗೆ ಬರಲಿಲ್ಲ.

ಗುರುವಾರ ಪಾರ್ಲೆಯ ದವಾಖಾನೆಯ ಬೆಂಚಿನ ಮೇಲೆ ಬೆಳಗಿನಿಂದ ಬಾಗಿಲು ಹಾಕುವವರೆಗೆ ಕೂತಳು. ಚಂದ್ರವ್ವ ಬರಲಿಲ್ಲ. ಮುಂದಿನ ಗುರುವಾರವೂ ಬರಲಿಲ್ಲ. ಗುಳಿಗೆ ಮಧ್ಯೆ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ಹೇಳಿದ್ದು ಅವಳ ತಲೆಯಲ್ಲಿ ಸುತ್ತುತ್ತಿತ್ತು. ಮಾರ್ಚ್ ಕೊನೆಗೆ ಸದಾನಂದ ಅಯ್ನೋರ ಬಳಿ ಹೋಗಿ ನಡೆದದ್ದೆಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ, ಮೆತ್ತಗಿನ ಮನುಷ್ಯ.

"ನೀವು ಪ್ರಾರ್ಥನೆ ಮಾಡಿದ್ದು. ಚಾಡಿ ಹೇಳಲಿಲ್ಲವಲ್ಲಾ," ಎಂದರು.

"ಆಕಿಗೆ ಎರಡೂ ಒಂದs ಆತಲ್ರಿ ಅಯ್ನೋರ."

"ಅದೂ ನಿಜ. ಬರುವ ಭಾನುವಾರ ಸಭೆಯಲ್ಲಿ ಆಕೆಗಾಗಿ ವಿಶೇಷ ಪ್ರಾರ್ಥನೆ ಇಡೋಣ."

"ಬ್ಯಾಡ್ರಿ," ಎಂದಳು ಶೀಲಾವತಿಬಾಯಿ. ಪ್ರಾರ್ಥನೆ ಬೇಡವೆಂದು ಅವಳು ಆಡಿದ ಮೊದಲ ಮಾತು ಅದು. ತನ್ನ ದನಿಯೇ ಬೇರೆಯವರದೆಂಬಂತೆ ಕೇಳಿತು.

ಅಯ್ನೋರು ಸಮಾಧಾನಕ್ಕೆಂದು, "ಗುರುಬಾಯಿ ತಪ್ಪದೆ ಬರುತ್ತಿದ್ದಾಳಲ್ಲ. ದೀಕ್ಷಾಸ್ನಾನದ ಬಗ್ಗೆಯೂ ಕೇಳಿದಳು. ಅದು ನಿಮ್ಮ ಶ್ರಮದ ಫಲ," ಎಂದರು. ಅದೂ ಸುಳ್ಳಾಗಿರಲಿಲ್ಲ. ಗುರುಬಾಯಿಗೆ ಹಾಡುಗಳು ಬಾಯಿಗೆ ಬಂದಿದ್ದವು. ತಾನು ಮಾಡಿದ್ದರಲ್ಲಿ ತಪ್ಪೇನೆಂದು ಅವಳಿಗೆ ತಿಳಿದಿರಲೇ ಇಲ್ಲ. "ಎಲ್ಲಾರೂ ಕುಡಿಯೋ ನೀರು ಬಾಯಾರ, ಹೇಳದs ಇರಾಕ ಆಗ್ತದೇನ್ರಿ? ನಮ್ಮ ಓಣ್ಯಾಗೂ ಕೂಸು ಕುನ್ನಿ ಅದಾವು," ಎಂದಿದ್ದಳು.

ಏಪ್ರಿಲಿನಲ್ಲಿ ದವಾಖಾನೆಯ ಕಂಪೌಂಡರ್ ಸುಳಿವು ಕೊಟ್ಟ. ಊರಾಚೆ, ಸಮುದ್ರದ ನೀರು ಒಳಗೆ ಚಾಚಿದ ಖಾಡಿಯ ದಂಡೆಯಲ್ಲಿ ಮಹಾರೋಗಿಗಳೇ ಗುಡಿಸಲು ಕಟ್ಟಿಕೊಂಡ ಒಂದು ಬಸ್ತಿಯಿತ್ತು. ಅಲ್ಲಿ ಗುಳಿಗೆ ಹಂಚಲು ಹೋದವರು ಕನ್ನಡ ಮಾತಾಡುವ ಹೊಸ ಹುಡುಗಿಯನ್ನು ನೋಡಿದ್ದರು. ಶೀಲಾವತಿಬಾಯಿ ಮರುದಿನವೇ ಹೋದಳು. ತಗಡು, ಗೋಣಿಚೀಲಗಳ ಗುಡಿಸಲು ಸಾಲು. ಬೆರಳಿಲ್ಲದ ಕೈಗಳು ಅಲ್ಲಿ ಒಲೆ ಊದುತ್ತಿದ್ದವು, ಅಕ್ಕಿ ಆರಿಸುತ್ತಿದ್ದವು. ಎಲ್ಲ ಬೆರಳೂ ನೆಟ್ಟಗಿದ್ದ ಚಂದ್ರವ್ವ ಅವರ ನಡುವೆ ಒಬ್ಬ ಮುದುಕಿಯ ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದಳು. ಎದ್ದು ಬರಲಿಲ್ಲ.

"ಇಲ್ಲಿ ಯಾಕ ಬಂದಿ ಚಂದ್ರವ್ವಾ? ನಿನಗ ಅಂಟೋ ಜಾತಿ ಅಲ್ಲ ಅಂತ ಡಾಕ್ಟರ..."

"ಸ್ಟೇಷನ್ ಮ್ಯಾಲ ಕುಂತಿದ್ದೆ. ಇವರs ಬಾ ಅಂದ್ರು. ಬ್ಯಾರೆ ಯಾರೂ ಅನಲಿಲ್ಲ."

ಶೀಲಾವತಿಬಾಯಿ ಅವಳ ಎದುರು ನೆಲಕ್ಕೆ ಕೂತಳು. ತಪ್ಪಾಯಿತು ಎಂದಳು. ಮನುಷ್ಯರಿಗೆ ಹೇಳಿರಲಿಲ್ಲ, ಪ್ರಾರ್ಥನೆಯಲ್ಲಿ ಹೇಳಿದ್ದೆ, ಕಣ್ಣು ಮುಚ್ಚಿತ್ತು ಎಂದಳು. ಹೇಳುತ್ತ ಹೇಳುತ್ತ ಅದು ಎಷ್ಟು ಸಣ್ಣ ಮಾತೆಂದು ಅವಳಿಗೇ ಅನಿಸಿತು.

ಚಂದ್ರವ್ವ ಬಟ್ಟೆಯ ಗಂಟು ಬಿಗಿದಳು. "ಕಣ್ಣು ನಿಮ್ಮವು ಮುಚ್ಚಿದ್ವು. ಹೋದ್ದು ನನ್ನ ಕೂಸು," ಎಂದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು, "ಎಂಟು ದಿನ ಹಾಲು ಸೋರತಿತ್ರಿ ಬಾಯಾರ. ಈಗ ಬತ್ತೈತಿ," ಎಂದಳು.

ಗುಳಿಗೆ ಮತ್ತೆ ಶುರು ಮಾಡಿಸಲು ಶೀಲಾವತಿಬಾಯಿಗೆ ಒಂದು ತಿಂಗಳು ಬೇಕಾಯಿತು. ಪ್ರತಿ ಗುರುವಾರ ಹೋಗುವಳು, ಗುಳಿಗೆ ಕೊಡುವಳು, ಬರುವಳು. ದೇವರ ಹೆಸರು ಎತ್ತುತ್ತಿರಲಿಲ್ಲ. ಒಂದು ದಿನ ಚಂದ್ರವ್ವ ತಾನಾಗಿಯೇ ಕೇಳಿದಳು: ಅಂಟುವುದಿಲ್ಲವೆಂದು ಡಾಕ್ಟರ ಕೈಯಲ್ಲಿ ಕಾಗದ ಬರೆಸಿಕೊಟ್ಟರೆ ಬಂಡೆಪ್ಪ ಕರೆದುಕೊಳ್ಳಬಹುದೇ? ಗುಡ್ಡ ಬೇಡ, ಅಂಧೇರಿಯಲ್ಲೋ ಎಲ್ಲೋ ಗುರುತಿಲ್ಲದ ಕಡೆ ಖೋಲಿ ಹಿಡಿದರೆ? ಆ ದಿನದಿಂದ ಅವಳು ಒಂದು ಗುಳಿಗೆಯನ್ನೂ ತಪ್ಪಿಸಲಿಲ್ಲ. ಡಾಕ್ಟರು ಇನ್ನಾರು ತಿಂಗಳು ನೋಡಿ ಕೊಡುತ್ತೇನೆಂದರು. ಡಿಸೆಂಬರಿನಲ್ಲಿ ಕೊಟ್ಟರು, ಇಂಗ್ಲಿಷಿನಲ್ಲೂ ಮರಾಠಿಯಲ್ಲೂ ಬರೆದು ಸಿಕ್ಕೆ ಒತ್ತಿದ್ದರು.

ಕಾಗದ ಹಿಡಿದು ಗುಡ್ಡ ಹತ್ತಿದಾಗ ಬಂಡೆಪ್ಪನ ಝೋಪಡಿಗೆ ಹೊಸ ತಗಡು ಬಂದಿತ್ತು. ಬಾಗಿಲ ಮುಂದೆ ಅವಳು ಹಿಂದೆಂದೂ ನೋಡದ, ಹಸಿರು ಬಳೆಯ ಹುಡುಗಿಯೊಬ್ಬಳು ಸುಂದ್ರಿಯ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಬಂಡೆಪ್ಪ ಶೀಲಾವತಿಬಾಯಿಯನ್ನು ದೂರಕ್ಕೆ, ಗುಡ್ಡದ ಅಂಚಿಗೆ ಕರೆದುಕೊಂಡು ಹೋದ.

"ದೀಪಾವಳಿ ಮುಂದ ಊರಿಗೆ ಹೋಗಿದ್ವಿ. ನಮ್ಮವ್ವ ಮಾಡಿಸಿದ್ಲು," ಎಂದ.

ಅವಳು ಕಾಗದ ಕೊಟ್ಟಳು. ಓದಲು ಬಾರದವನು ಅದನ್ನು ಹಿಂದೆ ಮುಂದೆ ತಿರುಗಿಸಿ, ಸಿಕ್ಕೆಯ ಮೇಲೆ ಹೆಬ್ಬೆಟ್ಟು ಆಡಿಸಿದ. "ಖರೇ ಇದ್ದೀತು ಬಾಯಾರ. ಆದ್ರ ಇದನ್ನ ನಳದ ಮುಂದ ನಿಂತು ಯಾರು ಓದ್ತಾರ್ರಿ?" ಎಂದ. ಮಡಿಕೆ ಕೆಡದಂತೆ ಮಡಚಿ ಹಿಂದಕ್ಕೆ ಕೊಟ್ಟ. "ಆಕಿ ಕೈ ಬೆರಳು ಚೆಂದ ಅದಾವಿಲ್ಲೊ?"

"ಅದಾವು."

"ಅಷ್ಟs ಸಾಕು," ಎಂದು ಮುಖ ಅತ್ತ ತಿರುಗಿಸಿದ.

ಅಷ್ಟರಲ್ಲಿ ಸುಂದ್ರಿ ಎಣ್ಣೆಯ ತಲೆಯಲ್ಲಿ ಓಡಿಬಂದಳು. ಕಲ್ಲಿನ ಅಂಚಿಗೆ ಅಷ್ಟು ಹತ್ತಿರ ಬಂದದ್ದು ಕಂಡು ಶೀಲಾವತಿಬಾಯಿ ಹಿಡಿಯಲು ಕೈ ಚಾಚಿದಳು. ಮಗು ಹೊಸಬರ ಕೈಗೆ ಬೆದರಿ ಹಿಂದಿರುಗಿ ಓಡಿತು. "ಅವ್ವಾ," ಎಂದು ಹಸಿರು ಬಳೆಯ ಹುಡುಗಿಯ ಮಡಿಲಲ್ಲಿ ಮುಖ ಹುದುಗಿಸಿತು.

ಗುರುವಾರ ಚಂದ್ರವ್ವ ಬಸ್ತಿಯ ಹೊರಗೇ, ರಸ್ತೆಯ ತನಕ ಬಂದು ಕಾಯುತ್ತಿದ್ದಳು. ತೊಳೆದ ಸೀರೆ, ಬಾಚಿದ ತಲೆ. ಶೀಲಾವತಿಬಾಯಿಯ ಕೈಯಲ್ಲಿ ಕಾಗದ ಮರಳಿ ಬಂದದ್ದನ್ನು ನೋಡಿ ನಿಂತಲ್ಲೇ ನಿಂತಳು. ಬಂಡೆಪ್ಪನ ಮದುವೆಯ ಸುದ್ದಿಯನ್ನು ಶೀಲಾವತಿಬಾಯಿ ಬಚ್ಚಿಡಲಿಲ್ಲ. ಅದನ್ನು ತಾನೇ ಹೇಳಬೇಕು, ಬೇರೆಯವರ ಬಾಯಿಂದ ಅವಳ ಕಿವಿಗೆ ಬೀಳಬಾರದು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು. ಚಂದ್ರವ್ವ ಅಳಲಿಲ್ಲ. ಗುಳಿಗೆಯ ಪೊಟ್ಟಣ ಇಸಿದುಕೊಂಡು ಎಣಿಸಿದಳು, ಸೆರಗಿನ ತುದಿಗೆ ಕಟ್ಟಿದಳು.

"ಸುಂದ್ರಿ ಇದ್ಲೇನ್ರಿ?"

"ಇದ್ಲು. ಎತ್ತರ ಆಗ್ಯಾಳ. ತಲಿಗೆ ಎಣ್ಣಿ ಹಚ್ಚಿದ್ರು."

"ಚೆಂದಾಗಿ ಮಾತಾಡ್ತಾಳೇನ್ರಿ ಈಗ?"

"ಆಡ್ತಾಳ."

"ಏನಂದ್ಲು?"

ಖಾಡಿಯ ಕಡೆಯಿಂದ ಉಪ್ಪು ಗಾಳಿ ಬೀಸುತ್ತಿತ್ತು. ಶೀಲಾವತಿಬಾಯಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.

"ದೂರ ಇದ್ದೆನವಾ. ನನಗ ಕೇಳಿಸಲಿಲ್ಲ," ಎಂದಳು.

ಚಂದ್ರವ್ವ ಅವಳ ಮುಖವನ್ನೇ ನೋಡಿದಳು, ಬಹಳ ಹೊತ್ತು. ಆಮೇಲೆ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಗುಡಿಸಲುಗಳ ಕಡೆ ನಡೆದಳು.